ನಾನು ಆ ದುಡ್ಡು ತಿಂದಿಲ್ಲ

"ಮಗಳನ್ನೇ ಕೇಳಿ ನೋಡಿ. ಅವಳ ಅಕೌಂಟಿಗೇ ಬರೋದು ದುಡ್ಡು. ಈಗಿನ ಮಕ್ಕಳು ಗೊತ್ತಲ್ಲ, ಖರ್ಚು ಮಾಡ್ಕೊಂಡು ಮನೇಲಿ ಬಂದೇ ಇಲ್ಲ ಅಂತಾರೆ."

ನನ್ನ ಸ್ಕಾಲರ್‌ಶಿಪ್ ದುಡ್ಡಿನ ಬಗ್ಗೆ ಕಾಲೇಜಿನ ಫೀಸ್ ಕಿಟಕಿಯಲ್ಲಿ ಕೂತವನು ಬೆಳಿಗ್ಗೆ ಅಪ್ಪನಿಗೆ ಅಂದ ಮಾತು. ಈಗ ರಾತ್ರಿ ಒಂದು ಗಂಟೆ. ಸೋಮವಾರ ಪರೀಕ್ಷೆ ಇದೆ, ಪುಸ್ತಕ ಎದುರಿಗೇ ಬಿದ್ದಿದೆ, ಒಂದು ಸಾಲೂ ತಲೆಗೆ ಹೋಗುತ್ತಿಲ್ಲ.

ಫೀಸ್ ಬಾಕಿ ಇದೆ, ಹಾಲ್ ಟಿಕೆಟ್ ಬೇಕಾದರೆ ಅಪ್ಪನನ್ನು ಕರ್ಕೊಂಡು ಬಾ ಅಂದಿದ್ದರು. ಅಪ್ಪ ಬಂದರು. ಇವತ್ತು ಅವರಿದ್ದ ಕಡೆ ಮೋಲ್ಡ್ ಹಾಕುವ ದಿನ. ಅಂಥ ದಿನ ಗಾರೆಯವರು ರಜೆ ಹಾಕಿದರೆ ಮೇಸ್ತ್ರಿ ಮತ್ತೆ ಕರೆಯುವುದೇ ಕಷ್ಟ. ಆದರೂ ಮೊದಲ ಬಸ್ಸಿಗೆ ಬಂದರು, ಮದುವೆಗೆ ಹಾಕುವ ಬಿಳಿ ಅಂಗಿ ಹಾಕ್ಕೊಂಡು. ಆಫೀಸಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟರು. ಯಾರೂ ಬಿಡಿ ಅಂದಿರಲಿಲ್ಲ. ಒಳಗೆ ಎಲ್ಲರೂ ಶೂ ಹಾಕಿಯೇ ಓಡಾಡುತ್ತಿದ್ದರು. ಅಪ್ಪ ಮಾತ್ರ ಬರಿಗಾಲಲ್ಲಿ ಆ ಕಿಟಕಿಯ ಮುಂದೆ ನಿಂತು, ನನ್ನ ಅಣ್ಣನಿಗಿಂತ ಚಿಕ್ಕವನಂತೆ ಕಾಣುವ ಒಬ್ಬನಿಗೆ "ಸಾರ್" ಅಂದರು.

ಅವನು ತಲೆ ಎತ್ತದೆ ಆ ಮಾತು ಅಂದ. ಜೋರಾಗಿ. ಹಿಂದೆ ಸಾಲಲ್ಲಿ ನಮ್ಮ ಕ್ಲಾಸಿನವರೇ ನಿಂತಿದ್ದರು.

ಅಪ್ಪ ತಿರುಗಿ ನನ್ನ ಮುಖ ನೋಡಿದರು. ಬೈಯುವ ನೋಟ ಅಲ್ಲ. ಹಾಗೇನಾದರೂ ಆಗಿದೆಯಾ ಅಂತ ಹುಡುಕುವ ನೋಟ. "ಹೌದೇನವ್ವಾ?" ಅಂದರು, ನನಗೊಬ್ಬಳಿಗೇ ಕೇಳುವ ಹಾಗೆ. ಆಮೇಲೆ ತಾವೇ ಕಣ್ಣು ಕೆಳಗೆ ಹಾಕಿದರು. ಆದರೆ ಕೇಳಿದರಲ್ಲ! ಹತ್ತು ರೂಪಾಯಿ ಖರ್ಚಾದರೂ ಲೆಕ್ಕ ಒಪ್ಪಿಸುವ ನನ್ನನ್ನು ಕೇಳಿದರು. ಆ ಮನುಷ್ಯ ಒಂದೇ ಒಂದು ಮಾತಲ್ಲಿ ಅಪ್ಪನ ಮನಸ್ಸಲ್ಲಿ ಅನುಮಾನ ಹುಟ್ಟಿಸಿಬಿಟ್ಟ.

ನಾನು ಫೋನ್ ತೆಗೆದೆ. ಕೈ ನಡುಗುತ್ತಿತ್ತು, ಪಿನ್ ತಪ್ಪಾಯಿತು. ಕಡೆಗೆ ಸ್ಟೇಟ್‌ಮೆಂಟ್ ಬಂತು. ಬಂದಿದ್ದು ಒಂದೇ ಕಂತು, ರಾಜ್ಯದ ಪಾಲು. ಅದನ್ನು ಇದೇ ಕಿಟಕಿಯಲ್ಲಿ ಕಟ್ಟಿದ ರಸೀದಿ ಫೈಲಲ್ಲೇ ಇತ್ತು, ತೆಗೆದು ತೋರಿಸಿದೆ. ಹಿಂದೆ ನಿಂತಿದ್ದವರೆಲ್ಲ ನನ್ನ ಅಕೌಂಟಲ್ಲಿ ಎಷ್ಟಿದೆ ಅಂತ ನೋಡಿದರು. ನೋಡಬೇಕಾದವನು ನೋಡಲಿಲ್ಲ. "ಅದೆಲ್ಲ ನಮಗೆ ಗೊತ್ತಿಲ್ಲಮ್ಮ, ಸಿಸ್ಟಂನಲ್ಲಿ ಡ್ಯೂ ತೋರಿಸ್ತಿದೆ" ಅಂದ. ಮುಚ್ಚಳಿಕೆ ಬರೆದುಕೊಡಿ ಅಂತ ಹಾಳೆ ತಳ್ಳಿದ. ಬಾಕಿ ಕಟ್ಟದಿದ್ದರೆ ಕಾಲೇಜು ಏನು ಕ್ರಮ ತಗೊಂಡರೂ ಒಪ್ಪಿಗೆ ಅಂತ ನಾನು ಬರೆದೆ, ಅಪ್ಪ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. "ಬೇಗ ಬೇಗ, ಹಿಂದೆ ಜನ ಇದಾರೆ" ಅಂದ.

ಬಿಡಿ, ಅವನೂ ನೌಕರಿಯವನೇ. ಮೇಲಿನಿಂದ ಇವತ್ತು ಎಷ್ಟು ವಸೂಲಿಯಾಯ್ತು ಅಂತ ಕೇಳ್ತಾರೆ, ಅವನು ನಮ್ಮ ಮೇಲೆ ಹಾಕ್ತಾನೆ.

ಇಲ್ಲ, ಯಾಕೆ ಬಿಡಬೇಕು? ದುಡ್ಡು ಬಂದಿಲ್ಲ ಅನ್ನುವುದು ಬೇರೆ ಮಾತು. ತಿಂದಿದ್ದಾಳೆ ಅನ್ನುವುದು ಬೇರೆ ಮಾತು.

ನನ್ನದು ಪೋಸ್ಟ್ ಮೆಟ್ರಿಕ್, ಅಂದರೆ ಹತ್ತನೇ ಕ್ಲಾಸಿನ ನಂತರದ ಓದಿನ ಸ್ಕಾಲರ್‌ಶಿಪ್. ಅದರಲ್ಲಿ ಎಸ್‌ಸಿ ವಿದ್ಯಾರ್ಥಿಗಳಿಗೆ ಕೇಂದ್ರದ ಪಾಲು 60%, ರಾಜ್ಯದ್ದು 40%. 2021ರ ಮಾರ್ಗಸೂಚಿಯ ಪ್ರಕಾರ ರಾಜ್ಯ ತನ್ನ ಪಾಲು ಕೊಟ್ಟಿದ್ದು ಖಾತ್ರಿಯಾದ ಮೇಲೇ ಕೇಂದ್ರ ತನ್ನ ಪಾಲು ಬಿಡುತ್ತದೆ. ಅದು ಆಧಾರ್ ಜೋಡಿಸಿದ ವಿದ್ಯಾರ್ಥಿಯ ಖಾತೆಗೇ ನೇರ ಬೀಳುತ್ತದೆ. ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಖಾತೆ ನನ್ನದಾದ ಮಾತ್ರಕ್ಕೆ ತಡವಾದ ತಪ್ಪೂ ನನ್ನದಾಗುತ್ತಾ? ನಡುವೆ ಎಷ್ಟು ಬಾಗಿಲಿದೆ ಅಂತ ಆ ಕಿಟಕಿಯಲ್ಲಿ ಕೂತವರಿಗೆ ಗೊತ್ತಿಲ್ವಾ? ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಬೇಕು. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿದ್ದು ಆಧಾರ್‌ನಲ್ಲಿ ಮುಂದಿದ್ದರೆ ಅಲ್ಲೇ ನಿಂತಿತು. ಬ್ಯಾಂಕಿನಲ್ಲಿ ಬರಿ ಆಧಾರ್ ಲಿಂಕ್ ಆದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಯಾವ ಖಾತೆಗೆ ಬೀಳಬೇಕು ಅನ್ನುವ ಜೋಡಣೆ, ಆಗಿರಬೇಕು. ಸಿಮ್ ತಗೊಳ್ಳುವಾಗ ಯಾರೋ ಹೆಬ್ಬೆಟ್ಟು ಒತ್ತಿಸಿಕೊಂಡು ಇನ್ನೊಂದು ಖಾತೆ ತೆರೆದಿದ್ದರೆ ದುಡ್ಡು ಆ ಖಾತೆಗೆ ಹೋಗಬಹುದು. ಇದೆಲ್ಲ ನಾನು ಸೈಬರ್ ಸೆಂಟರಿನಲ್ಲಿ ನಿಂತು ನಿಂತು ಕಲಿತದ್ದು. ಯಾವ ಟೀಚರೂ ಹೇಳಿಕೊಡಲಿಲ್ಲ.

ಹೊಟ್ಟೆ ಉರಿಯುವುದು ಇದಕ್ಕೆ. ನಮ್ಮ ಅರ್ಜಿ ಮೊದಲು ಹೋಗುವುದು ಕಾಲೇಜಿನ ಲಾಗಿನ್‌ಗೆ. ಅಲ್ಲಿ ವೆರಿಫೈ ಮಾಡಿದರೆ ಮಾತ್ರ ಮುಂದಕ್ಕೆ. ನನ್ನದು ಅಲ್ಲೇ, ಇದೇ ಆಫೀಸಿನಲ್ಲೇ, ತಿಂಗಳುಗಟ್ಟಲೆ ಕೂತಿತ್ತು. ನೋಡುವ ಮೇಡಂ ರಜೆ, ಸರ್ವರ್ ಇಲ್ಲ, ನಾಳೆ ಬಾ. ಆಗ ಅಪ್ಪನನ್ನು ಕರೆಸಿ "ನಮ್ಮಿಂದಲೇ ತಡವಾಯಿತು" ಅಂತ ಯಾರೂ ಮುಚ್ಚಳಿಕೆ ಬರೆದುಕೊಡಲಿಲ್ಲ.

ಸ್ಕಾಲರ್‌ಶಿಪ್ ದುಡ್ಡು ತಿಂದವರು ಈ ದೇಶದಲ್ಲಿ ಇದ್ದಾರೆ. ಹಿಮಾಚಲ ಪ್ರದೇಶದಲ್ಲಿ ಖಾಸಗಿ ಸಂಸ್ಥೆಗಳು ವಿದ್ಯಾರ್ಥಿಗಳ ಹೆಸರಲ್ಲಿ ದುಡ್ಡು ಎತ್ತಿದ ಆರೋಪದ ಮೇಲೆ 2019ರಲ್ಲಿ ಸಿಬಿಐ ಕೇಸು ಹಾಕಿತು. ಅಲ್ಲಿ ಆರೋಪ ಬಂದದ್ದು ಸಂಸ್ಥೆಗಳ ಮೇಲೆ. ಇಲ್ಲಿ ಅನುಮಾನ ಮಾತ್ರ ಗಾರೆ ಕೆಲಸದವರ ಮಗಳ ಮೇಲೆ!

ಅರ್ಹ ವಿದ್ಯಾರ್ಥಿ ಫ್ರೀಶಿಪ್ ಕಾರ್ಡ್, ಅಂದರೆ ಈ ಸ್ಕಾಲರ್‌ಶಿಪ್‌ಗೆ ಅರ್ಹ ಅನ್ನುವ ಪತ್ರ, ತೋರಿಸಿದರೆ ಮುಂಗಡ ಫೀಸ್ ಕೇಳದೆ ಸೇರಿಸಿಕೊಳ್ಳಬೇಕು ಅಂತ ಮಾರ್ಗಸೂಚಿಯಲ್ಲೇ ಇದೆ. ಅಸಲು ಅಂಕಪಟ್ಟಿ ಕಾಲೇಜು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರಲ್ಲೇ ಹೇಳಿದೆ. ನನ್ನ ಪಿಯುಸಿ ಅಂಕಪಟ್ಟಿ ಇವತ್ತಿಗೂ ಅವರ ಬೀರುವಿನಲ್ಲೇ ಇದೆ. ಬಿಟ್ಟು ಹೋಗೋಣ ಅಂದರೂ ಹೋಗುವ ಹಾಗಿಲ್ಲ. ಬಿಟ್ಟು ಹೋಗಲ್ಲ, ಅದು ಬೇರೆ. ಸಂಜೆ ಮಾತ್ರ ಸಾಕಪ್ಪಾ ಈ ಓದು, ಗಾರ್ಮೆಂಟ್ಸ್‌ಗೆ ಸೇರಿಬಿಡೋಣ ಅನ್ನಿಸಿತ್ತು. ಈಗ ಹಾಗನ್ನಿಸುತ್ತಿಲ್ಲ. ಮತ್ತೆ ಬೆಳಿಗ್ಗೆ ಏನನ್ನಿಸುತ್ತೋ ಗೊತ್ತಿಲ್ಲ.

ಸಾಲ ಮಾಡಿ ಅನ್ನುತ್ತಾರೆ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ ಅಂತ ನಿಯಮ. ಬ್ಯಾಂಕಿನಲ್ಲಿ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, "ಸೈಟ್ ಪತ್ರ ಇದೆಯಾ?" ಎದ್ದು ಬಂದೆವು. ಅಮ್ಮನ ಓಲೆ ಹೋದ ವರ್ಷವೇ ಹೋಗಿದೆ. ಸಂಘದ ಸಾಲದ ಕಂತು ವಾರ ವಾರ ಕಟ್ಟುತ್ತಿದ್ದಾರೆ.

ಈ ಸ್ಕಾಲರ್‌ಶಿಪ್‌ಗೆ ಮನೆಯ ಆದಾಯ ವರ್ಷಕ್ಕೆ 2.5 ಲಕ್ಷ ಮೀರಬಾರದು. ಮೀರಬಾರದು ಅಂತ ಹೇಳುವವರೇ, ಅಷ್ಟರೊಳಗೆ ಬದುಕುವ ಮನೆ ಲಕ್ಷದ ಲೆಕ್ಕದಲ್ಲಿ ಫೀಸನ್ನು ಎಲ್ಲಿಂದ ತಂದು ಮೊದಲು ಕಟ್ಟುತ್ತದೆ ಅಂತ ಯೋಚನೆ ಮಾಡಬೇಡ್ವಾ?

ಆ ಕಿಟಕಿಯ ಮೇಲಿನ ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ ಇದೆ. ಏಪ್ರಿಲ್ 14ಕ್ಕೆ ಹಾರ ಹಾಕಿ ಭಾಷಣ ಮಾಡಿದ್ದರು. ಈ ಸ್ಕಾಲರ್‌ಶಿಪ್ ಶುರುವಾಗಿದ್ದು 1944ರಲ್ಲಿ, ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ, ಅವರ ಒತ್ತಾಯದಿಂದ. ಅವರೇ 1913ರಲ್ಲಿ ಅಮೆರಿಕಕ್ಕೆ ಓದಲು ಹೋಗಿದ್ದು ಬರೋಡಾ ಮಹಾರಾಜರ ಸ್ಕಾಲರ್‌ಶಿಪ್‌ನಿಂದ. ಸ್ಕಾಲರ್‌ಶಿಪ್ ತಗೊಂಡು ಓದುವುದು ಭಿಕ್ಷೆ ಅಲ್ಲ. ಕಳ್ಳತನ ಅಂತೂ ಅಲ್ಲವೇ ಅಲ್ಲ. ಅದೇ ಫೋಟೋ ಕೆಳಗೆ ಕೂತು ನಮ್ಮಪ್ಪನಿಗೆ ಹಾಗನ್ನಲು ಬಾಯಿ ಹೇಗೆ ಬಂತು?

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ "ಅವ್ರು ಅಂದ್ರು ಅಂತ ಕೇಳ್ದೆ ಕಣವ್ವಾ, ಮನಸ್ಸಿಗೆ ಹಚ್ಕೋಬೇಡ" ಅಂದರು. ಬೇಡ ಅಂದರೂ ಜೇಬಿಗೆ ಕೈಹಾಕಿ ಇನ್ನೂರು ರೂಪಾಯಿ ಕೊಟ್ಟರು. ಆಯ್ತಪ್ಪ ಅನ್ನಬೇಕಿತ್ತು. ನನ್ನ ಬಾಯಿಂದ ಮಾತೇ ಬರಲಿಲ್ಲ. ಅಪ್ಪನ ಮೇಲೆ ಸಿಟ್ಟಿಲ್ಲ. ಇದೆ. ಇಲ್ಲ. ಅವರು ಮೋಸ ಹೋಗಿ ಹೋಗಿ ಹೆದರಿದವರು, ದೊಡ್ಡ ಆಫೀಸಿನವರು ಹೇಳಿದ್ದೇ ನಿಜ ಅಂದ್ಕೊಳ್ಳುತ್ತಾರೆ.

ಹಾಲ್ ಟಿಕೆಟ್ ಕೊಟ್ಟಿದ್ದಾರೆ, ಪರೀಕ್ಷೆ ಬರೀತೀನಿ. ಆದರೆ ಮುಚ್ಚಳಿಕೆಯಲ್ಲಿ ತಾರೀಖು ಹಾಕಿಸಿಕೊಂಡಿದ್ದಾರೆ. ಮುಂದಿನ ತಿಂಗಳ ಕೊನೆ. ಅಷ್ಟರೊಳಗೆ ಕೇಂದ್ರದ 60% ಬೀಳುತ್ತಾ? ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿದರೆ "ಪ್ರೋಸೆಸ್‌ನಲ್ಲಿದೆ", ಹೆಲ್ಪ್‌ಲೈನ್‌ನಲ್ಲಿ "ಕಾಲೇಜಲ್ಲಿ ಕೇಳಿ", ಕಾಲೇಜಲ್ಲಿ "ಮಗಳನ್ನೇ ಕೇಳಿ". ನಾನು ಯಾರನ್ನು ಕೇಳಲಿ? ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಆ ಇಲಾಖೆಯಲ್ಲಿದ್ದರೆ, ಯಾವ ಅಧಿಕಾರಿಯಾದರೂ ಸರಿ, ದುಡ್ಡು ಇನ್ನೂ ಬಿಡುಗಡೆ ಆಗಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಸೀಲು ಹಾಕಿ ಕೊಡಿ. ಅದನ್ನು ಮೊದಲು ಅಪ್ಪನಿಗೆ ತೋರಿಸುತ್ತೇನೆ, ಆಮೇಲೆ ಆ ಕಿಟಕಿಗೆ ತಗೊಂಡು ಹೋಗುತ್ತೇನೆ.