ಯಾರು ಗೆಲ್ಲುತ್ತಾರೆ ಅಂತ ಗೊತ್ತಾಗುವ ಮೊದಲೇ ಬರೆಯಬೇಕಾದ ಕಾನೂನು

ಜೂನ್ 25 ಬಂತು ಅಂದರೆ ತುರ್ತುಪರಿಸ್ಥಿತಿಯ ಮಾತು ಶುರುವಾಗುತ್ತದೆ. ದೆಹಲಿಯಲ್ಲಿ ಪತ್ರಿಕಾ ಕಚೇರಿಗಳ ಕರೆಂಟು ತೆಗೆದಿದ್ದು, ಸೆನ್ಸಾರ್, ಜೈಲು. ಮಾತಾಡಲೇಬೇಕು, ಬೇಡ ಅನ್ನಲ್ಲ. ಆದರೆ 1977ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ಸೋತ ಮೇಲೆ ಪತ್ರಿಕೆಗಳ ವಿಷಯದಲ್ಲಿ ಏನೇನಾಯಿತು ಅಂತ ಕೇಳುವವರು ಕಡಿಮೆ. ಮುಂದೆ ಯಾವ ಸರ್ಕಾರ ಬಂದರೂ ಪತ್ರಿಕೆಯ ಕತ್ತು ಹಿಡಿಯೋಕೆ ಆಗದಂಥ ವ್ಯವಸ್ಥೆ ಕಟ್ಟಲು ಅದಕ್ಕಿಂತ ಒಳ್ಳೆಯ ಕಾಲ ನಮ್ಮ ದೇಶಕ್ಕೆ ಇನ್ನೊಂದು ಬಂದಿಲ್ಲ.

ಇಂದಿರಾ ನಂತರ ಬಂದ ಜನತಾ ಸರ್ಕಾರ ಕೆಲಸ ಮಾಡಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಸೆನ್ಸಾರ್ ಹೋಗಿತ್ತು. ಆಕ್ಷೇಪಾರ್ಹ ಬರಹಗಳನ್ನು ತಡೆಯುವ ಹೆಸರಿನಲ್ಲಿ 1976ರಲ್ಲಿ ಬಂದಿದ್ದ ಕಾನೂನನ್ನು ತೆಗೆದರು. ತುರ್ತುಪರಿಸ್ಥಿತಿಯಲ್ಲಿ ಪಿಟಿಐ, ಯುಎನ್‌ಐ ಸೇರಿ ನಾಲ್ಕು ಸುದ್ದಿಸಂಸ್ಥೆಗಳನ್ನು ಒಟ್ಟಿಗೆ ಕಟ್ಟಿಹಾಕಿ 'ಸಮಾಚಾರ್' ಅಂತ ಮಾಡಿದ್ದರು. 1978ರಲ್ಲಿ ಅದನ್ನು ಬಿಡಿಸಿದರು. ಸಂಸತ್ತಿನಲ್ಲಿ ನಡೆದದ್ದನ್ನು ಭಯವಿಲ್ಲದೆ ವರದಿ ಮಾಡಲಿ ಅಂತ ಫಿರೋಜ್ ಗಾಂಧಿ 1956ರಲ್ಲಿ ತಂದಿದ್ದ ಕಾನೂನನ್ನು ಅವರ ಹೆಂಡತಿಯ ಸರ್ಕಾರವೇ ರದ್ದು ಮಾಡಿತ್ತು. ಅದೂ ವಾಪಸ್ ಬಂತು. ಅಷ್ಟಕ್ಕೇ ನಿಲ್ಲಿಸದೆ 44ನೇ ತಿದ್ದುಪಡಿಯಲ್ಲಿ ಅದನ್ನು ಸಂವಿಧಾನಕ್ಕೇ ಸೇರಿಸಿದರು. ಈಗ ಯಾರೋ ಬಂದು ಒಂದು ಮಧ್ಯಾಹ್ನ ಕೈ ಎತ್ತಿಸಿ ಅದನ್ನು ಅಳಿಸೋಕೆ ಆಗಲ್ಲ. ಇದು ದೊಡ್ಡ ಕೆಲಸ.

ಆದರೆ ಪತ್ರಿಕೆಗಳ ಸ್ವಾತಂತ್ರ್ಯ ಕಾಯಬೇಕಾದ ಪತ್ರಿಕಾ ಮಂಡಳಿಗೆ (ಪ್ರೆಸ್ ಕೌನ್ಸಿಲ್) ಆ ಭಾಗ್ಯ ಸಿಗಲಿಲ್ಲ. 1966ರಲ್ಲಿ ಶುರುವಾಗಿದ್ದ ಮಂಡಳಿಯನ್ನು 1976ರ ಜನವರಿಗೆ ಮುಚ್ಚಿದ್ದರು. ಪತ್ರಿಕೆಗಳ ಪರವಾಗಿ ಮಾತಾಡಲೇಬೇಕಾದ ಕಾಲದಲ್ಲಿ ಮಾತಾಡಬೇಕಾದವರೇ ಇರಲಿಲ್ಲ! 1978ರಲ್ಲಿ ಹೊಸ ಕಾಯ್ದೆ ಬಂತು, ಮಂಡಳಿ ಮತ್ತೆ ಎದ್ದು ನಿಂತಿತು. ಆದರೆ ಅದೂ ಮಾಮೂಲಿ ಕಾಯ್ದೆಯೇ. ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ಒಂದು ರೂಪಾಯಿ ದಂಡ ಹಾಕುವ ಹಾಗಿಲ್ಲ. ತಪ್ಪು ಮಾಡಿದ್ದು ಸರ್ಕಾರವೇ ಆದರೆ ಅದರ ಬಗ್ಗೆ ತನ್ನ ಅಭಿಪ್ರಾಯ ಹೇಳಬಹುದು, ಅಷ್ಟೆ. ಟಿವಿ ಚಾನೆಲ್‌ಗಳು ಇದರ ವ್ಯಾಪ್ತಿಗೇ ಬರುವುದಿಲ್ಲ.

ರೇಡಿಯೊ ಕಥೆ ಇನ್ನೂ ಬೇಜಾರಿನದು. ಮೈಸೂರಿನವರಿಗೆ ರೇಡಿಯೊ ಅಂದರೆ ಮನೆಯ ವಿಷಯ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದ್ದರು. ಅದರ ಹೆಸರೇ ಆಕಾಶವಾಣಿ. ಆಮೇಲೆ ಆ ಹೆಸರು ದೇಶದ ರೇಡಿಯೊಗೆ ಬಂತು, ರೇಡಿಯೊ ಸರ್ಕಾರದ ಕೈಯಲ್ಲಿ ಉಳಿಯಿತು. ಆಕಾಶವಾಣಿ ಮತ್ತು ದೂರದರ್ಶನಕ್ಕೆ ಸ್ವಾಯತ್ತತೆ ಕೊಡುವುದು ಹೇಗೆ ಅಂತ ಹೇಳಲು ಜನತಾ ಸರ್ಕಾರ ಪತ್ರಕರ್ತ ಬಿ.ಜಿ. ವರ್ಗೀಸ್ ಅವರ ಸಮಿತಿ ಮಾಡಿತು. 1978ರಲ್ಲಿ ವರದಿ ಬಂತು. ಸರ್ಕಾರದಿಂದ ದೂರ ನಿಲ್ಲುವ ಒಂದು ಟ್ರಸ್ಟ್ ಇರಲಿ ಅಂತ ಸಮಿತಿ ಹೇಳಿತು. 1979ರಲ್ಲಿ ಮಸೂದೆ ಬರುವ ಹೊತ್ತಿಗೆ ಆ ಸಲಹೆ ತೆಳ್ಳಗಾಗಿತ್ತು. ಸರ್ಕಾರ ಬಿತ್ತು, ಮಸೂದೆಯೂ ಬಿತ್ತು. ಪ್ರಸಾರ ಭಾರತಿ ಕಾಯ್ದೆ ಆಗಿದ್ದು 1990ರಲ್ಲಿ, ಜಾರಿಗೆ ಬಂದಿದ್ದು 1997ರಲ್ಲಿ. ಜೈಲಿನಿಂದ ಬಂದು ಮಂತ್ರಿಯಾದವರು ಆ ಸರ್ಕಾರದಲ್ಲಿ ಎಷ್ಟೋ ಜನ ಇದ್ದರು. ಅಂಥವರಿಗೂ ಮೈಕು ಕೈಗೆ ಬಂದ ಮೇಲೆ ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ.

ಹಾಗಾಗಿ ಆಳುವವರು ಒಳ್ಳೆಯವರೋ ಕೆಟ್ಟವರೋ ಅನ್ನುವ ಪ್ರಶ್ನೆಯನ್ನೇ ನಾನು ಪಕ್ಕಕ್ಕಿಡುತ್ತೇನೆ. ನಾಲ್ವಡಿಯವರ ಫೋಟೊ ಮಂಡ್ಯದಲ್ಲಿ ಎಷ್ಟೋ ಮನೆಗಳಲ್ಲಿದೆ, ನಮ್ಮ ಮನೆಯಲ್ಲೂ ಇದೆ. ಕನ್ನಂಬಾಡಿ ಕಟ್ಟಿಸಿದ ಪುಣ್ಯಾತ್ಮ. ಆದರೂ 1908ರಲ್ಲಿ, ಅವರ ಆಳ್ವಿಕೆಯಲ್ಲೇ, ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕು ಅನ್ನುವ ಕಾನೂನು ಮೈಸೂರು ಸಂಸ್ಥಾನದಲ್ಲಿ ಬಂತು. ಆಗ ವಿ.ಪಿ. ಮಾಧವರಾವ್ ದಿವಾನರು. ಮೈಸೂರಿನಲ್ಲಿ ಪತ್ರಿಕೆ ನಡೆಸುತ್ತಿದ್ದ, ಜನ ತಾತಯ್ಯ ಅಂತ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗಲಿಲ್ಲ. ಒಳ್ಳೆಯ ರಾಜರ ಕಾಲದಲ್ಲೂ ಪತ್ರಿಕೆಗೆ ಇಂಥ ಕಷ್ಟ ಬಂದಿತ್ತು ಅಂದಮೇಲೆ ಇವತ್ತಿನವರ ಮಾತು ಏನು ಹೇಳೋದು?

ದಾರಿ ಇಲ್ಲ ಅಂತಲ್ಲ. ದಕ್ಷಿಣ ಆಫ್ರಿಕಾದ ಉದಾಹರಣೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಮಂಡೇಲಾ ಗೆದ್ದ ಚುನಾವಣೆ ನಡೆದಿದ್ದು 1994ರ ಏಪ್ರಿಲ್‌ನಲ್ಲಿ. ಆದರೆ ಪ್ರಸಾರ ಮಾಧ್ಯಮಗಳ ಸ್ವತಂತ್ರ ಪ್ರಾಧಿಕಾರದ ಕಾನೂನು ಆಗಿದ್ದು 1993ರಲ್ಲಿ, ಚುನಾವಣೆಗೆ ಮೊದಲೇ. ಬಿಳಿಯರ ಪಕ್ಷಕ್ಕೆ ತಾನು ಸೋತರೆ ಟಿವಿ, ರೇಡಿಯೊ ಎದುರಾಳಿಯ ಪಾಲಾಗುತ್ತದೆ ಅನ್ನುವ ಭಯ. ಮಂಡೇಲಾ ಪಕ್ಷಕ್ಕೆ ಹಳೇ ಸರ್ಕಾರದ ಕೈಯಲ್ಲಿರುವ ಟಿವಿ ಚುನಾವಣೆಯಲ್ಲಿ ತನ್ನನ್ನು ಮುಗಿಸುತ್ತದೆ ಅನ್ನುವ ಭಯ. ಇಬ್ಬರಿಗೂ ಹೆದರಿಕೆ ಇದ್ದಾಗ ಕಾನೂನು ನ್ಯಾಯವಾಗಿ ಹುಟ್ಟಿತು. ಪಕ್ಷದ ಪದಾಧಿಕಾರಿಗಳು ಪ್ರಾಧಿಕಾರದಲ್ಲಿ ಕೂರುವ ಹಾಗಿಲ್ಲ ಅಂತ ಅದರಲ್ಲೇ ಬರೆದರು. ಗೆದ್ದು ಕುಂತ ಮೇಲೆ ಯಾವ ಪಕ್ಷ ಹೀಗೆ ಬರೆಯುತ್ತದೆ ಹೇಳಿ?

ಬಾಂಗ್ಲಾದೇಶದಲ್ಲಿ ಉಲ್ಟಾ, ಮೊದಲು ಸರ್ಕಾರ ಬಿತ್ತು, ಸುಧಾರಣೆಯ ಮಾತು ಆಮೇಲೆ. 2024ರ ಆಗಸ್ಟಿನಲ್ಲಿ ಶೇಖ್ ಹಸೀನಾ ಹೋದ ಮೇಲೆ ಮಾಧ್ಯಮ ಸುಧಾರಣೆಗೆ ಆಯೋಗ ಮಾಡಿದರು, 2025ರ ಮಾರ್ಚಿನಲ್ಲಿ ವರದಿಯೂ ಬಂತು. ಸ್ವತಂತ್ರ ಮಾಧ್ಯಮ ಆಯೋಗ ಬೇಕು ಅಂತ ಅದರಲ್ಲಿದೆ. ನಮ್ಮ ವರ್ಗೀಸ್ ವರದಿಯ ಗತಿ ಅದಕ್ಕೂ ಆಗದಿರಲಿ.

ಇನ್ನು ನಮ್ಮ ರಾಜ್ಯ. ಕೇಂದ್ರ ಸರ್ಕಾರ ತನ್ನ ಬಗ್ಗೆ ಬಂದ ಸುದ್ದಿ ಸುಳ್ಳೋ ನಿಜವೋ ಅಂತ ತಾನೇ ತೀರ್ಮಾನಿಸುವ ಫ್ಯಾಕ್ಟ್ ಚೆಕ್ ಘಟಕ ತರಲು ಹೊರಟಿತ್ತು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಆ ನಿಯಮವನ್ನು ರದ್ದು ಮಾಡಿತು. ಒಂದು ವರ್ಷವೂ ಆಗಲಿಲ್ಲ, 2025ರ ಜೂನ್‌ನಲ್ಲಿ ಇಲ್ಲಿ ಸುಳ್ಳು ಸುದ್ದಿ ತಡೆಯುವ ಮಸೂದೆಯ ಕರಡು ಹೊರಬಂತು. ಏಳು ವರ್ಷದವರೆಗೆ ಜೈಲು. ಯಾವುದು ಸುಳ್ಳು ಅಂತ ನೋಡುವ ಪ್ರಾಧಿಕಾರಕ್ಕೆ ಮಂತ್ರಿಯೇ ಅಧ್ಯಕ್ಷರು! ದಸರಾ ಕುಸ್ತಿಯಲ್ಲಿ ಒಬ್ಬ ಪೈಲ್ವಾನನ ಅಣ್ಣನೇ ತೀರ್ಪುಗಾರನಾಗಿ ಅಖಾಡಕ್ಕೆ ಇಳಿದರೆ ಜನ ಸುಮ್ನೆ ಕೂರುತ್ತಾರಾ? ಸುಳ್ಳು ಸುದ್ದಿಯಿಂದ ಊರು ಹತ್ತಿ ಉರಿಯುತ್ತದೆ, ಅದು ನನಗೂ ಗೊತ್ತು. ಅದನ್ನು ತಡೆಯುವವರು ಬೇಕೇ ಬೇಕು. ಅವರು ಮಂತ್ರಿ ಆಗಿರಬಾರದು.

ನೇಮಕದಷ್ಟೇ ದೊಡ್ಡ ವಿಷಯ ದುಡ್ಡು. ನಮ್ಮ ಜಿಲ್ಲೆಯಲ್ಲಿ ನಾಲ್ಕು ಪುಟದ ಪತ್ರಿಕೆ ನಡೆಸುವ ಗೆಳೆಯರೊಬ್ಬರು ನಾಲೆಯ ಹೂಳು ತೆಗೆದ ಬಿಲ್ಲಿನ ಬಗ್ಗೆ ಬರೆದರು. ಯಾರೂ ಬೆದರಿಸಲಿಲ್ಲ, ಕೇಸು ಹಾಕಲಿಲ್ಲ. "ಬರೀಬ್ಯಾಡ ಅಂತ ಯಾರೂ ಅನ್ನಲಿಲ್ಲ ಕಣಣ್ಣ, ಜಾಹೀರಾತು ಬರೋದು ನಿಂತೋಯ್ತು, ಅಷ್ಟೇಯ" ಅಂದರು. ಟೆಂಡರ್ ನೋಟಿಸು, ಜಯಂತಿ ಶುಭಾಶಯ, ಅದರ ಮೇಲೇ ಈ ಪತ್ರಿಕೆಗಳ ಜೀವ. ಪ್ರೆಸ್ಸಿನವನಿಗೆ ದುಡ್ಡು ಕೊಡಬೇಕು, ಪೇಪರ್ ಹಾಕುವ ಹುಡುಗರಿಗೆ ಕೊಡಬೇಕು. ಮುಂದಿನ ಸಲ ಬಿಲ್ಲಿನ ಸುದ್ದಿ ಕೈಗೆ ಸಿಕ್ಕರೆ ಅವರು ಎಷ್ಟು ಯೋಚನೆ ಮಾಡಬೇಕು ನೋಡಿ. ಸೆನ್ಸಾರ್ ಅಧಿಕಾರಿ ಇಲ್ಲದೆಯೇ ಸೆನ್ಸಾರ್ ನಡೆಯುತ್ತಿದೆ, ಅಲ್ವಾ?

ನಮ್ಮ ವಿಧಾನಸಭೆ ಚುನಾವಣೆಗೆ ಬರಬೇಕಾದ ವರ್ಷ 2028. ಯಾರು ಗೆಲ್ಲುತ್ತಾರೆ ಅಂತ ಇವತ್ತು ಮೂರು ಪಕ್ಷಕ್ಕೂ ಗೊತ್ತಿಲ್ಲ. ಮಸೂದೆ ಬರೆಯೋಕೆ ಇದೇ ಸಮಯ. ಸುಳ್ಳು ಸುದ್ದಿ ನೋಡುವ ಪ್ರಾಧಿಕಾರದಲ್ಲಿ ಮಂತ್ರಿ, ಶಾಸಕ ಯಾರೂ ಬೇಡ. ಸದಸ್ಯರ ಆಯ್ಕೆ ಎಲ್ಲರೆದುರು ನಡೆಯಲಿ, ವಿರೋಧ ಪಕ್ಷದ ಒಪ್ಪಿಗೆ ಇಲ್ಲದೆ ಯಾರೂ ಕೂರಬಾರದು. ಯಾವ ಪತ್ರಿಕೆಗೆ ಎಷ್ಟು ಸರ್ಕಾರಿ ಜಾಹೀರಾತು ಹೋಯಿತು, ಯಾರಿಗೆ ಯಾಕೆ ನಿಂತಿತು ಅಂತ ಪ್ರತಿ ತಿಂಗಳು ಪ್ರಕಟವಾಗಲಿ. ನಿಮ್ಮ ಶಾಸಕರು ಮದುವೆಗೋ ತಿಥಿಗೋ ಬಂದಾಗ ರಸ್ತೆ, ಚರಂಡಿ ಕೇಳುತ್ತೀರಲ್ಲ, ಈ ಮೂರನ್ನೂ ಜೊತೆಗೆ ಕೇಳಿ. ನಾನು ನಮ್ಮವರನ್ನು ಈ ವಾರವೇ ಕೇಳುತ್ತೇನೆ. ಅವರು ಏನು ಹೇಳಿದರು ಅಂತ ಇಲ್ಲೇ ಬರೆಯುತ್ತೇನೆ.