ತೂಕದ ಮೆಷಿನ್ ಕಾರ್ಪೆಟ್ ಮೇಲಿತ್ತು

ಊರಿಗೆ ಫೋನ್ ಮಾಡಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ನೀನು ಅಲ್ಲಿ ಡಾಕ್ಟ್ರಾ?" ಅಲ್ಲ. "ನರ್ಸಾ?" ಅದೂ ಅಲ್ಲ. "ಮತ್ತಿನ್ನೇನು?" ಹನ್ನೊಂದು ವರ್ಷದಿಂದ ವಿವರಿಸುತ್ತಲೇ ಇದ್ದೇನೆ. ಕೊನೆಗೆ ನಮ್ಮ ದೊಡ್ಡಮ್ಮನೇ ತೀರ್ಪು ಕೊಟ್ಟರು: "ಹಂಗಾದ್ರೆ ಕಾಂಪೌಂಡರ್ ಅನ್ನು."

ಪೂರ್ತಿ ತಪ್ಪೇನಲ್ಲ ಬಿಡಿ. ನನ್ನ ಕೆಲಸದ ಹೆಸರು ಫಿಸಿಶಿಯನ್ ಅಸಿಸ್ಟೆಂಟ್, ಸುಲಭವಾಗಿ ಪಿಎ. ಡಿಗ್ರಿ ಆದ ಮೇಲೆ ಎರಡು ವರ್ಷಕ್ಕಿಂತ ಜಾಸ್ತಿ ಓದು, ದೇಶಕ್ಕೆಲ್ಲ ಒಂದೇ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸು. ರೋಗಿಯನ್ನು ನೋಡುತ್ತೇನೆ, ಕಾಯಿಲೆ ಏನೆಂದು ಹೇಳುತ್ತೇನೆ, ಔಷಧಿ ಬರೆಯುತ್ತೇನೆ. ತಂಡದಲ್ಲಿ ಡಾಕ್ಟರ್ ಇರುತ್ತಾರೆ. ತೊಡಕು ಬಂದರೆ ಅವರನ್ನು ಕೇಳುತ್ತೇನೆ.

ನಾನಿರುವುದು ನಾರ್ತ್ ಕೆರೊಲಿನಾದಲ್ಲಿ. ಈ ಕಸುಬು ಹುಟ್ಟಿದ್ದೂ ಇದೇ ರಾಜ್ಯದಲ್ಲಿ. ಡರ್ಹಮ್ ಊರಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಯುಜೀನ್ ಸ್ಟೆಡ್ ಎಂಬ ಡಾಕ್ಟರ್ ನಾಲ್ಕೇ ಜನರ ಮೊದಲ ತರಗತಿ ಶುರು ಮಾಡಿದರು. ನಾಲ್ವರೂ ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಬಂದವರು. ಕೈಗೆ ಕೆಲಸ ಗೊತ್ತು, ತೋರಿಸಲು ಸರ್ಟಿಫಿಕೇಟ್ ಇಲ್ಲ. ಇತ್ತ ಊರೂರಲ್ಲಿ ಡಾಕ್ಟರುಗಳ ಕೊರತೆ. 1967ರಲ್ಲಿ ಅವರಲ್ಲಿ ಮೂವರು ಓದು ಮುಗಿಸಿ ಹೊರಬಂದರು. ಹೀಗೆ ಸೈನ್ಯದಿಂದ ಬಂದ ಕಸುಬು ಇದು. ಹಾಗಾಗಿ ಮಾಜಿ ಸೈನಿಕರ ಮನೆಗೆ ನಾನು ಹೋಗುವುದು ಒಂಥರಾ ತವರಿಗೆ ಹೋದ ಹಾಗೆ.

ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆಗೆ ವಿಎ ಎನ್ನುತ್ತಾರೆ. ಅದರಲ್ಲಿ ಹೋಮ್ ಬೇಸ್ಡ್ ಪ್ರೈಮರಿ ಕೇರ್ ಎಂಬ ಒಂದು ವ್ಯವಸ್ಥೆ 1970ರ ದಶಕದ ಶುರುವಿನಿಂದಲೂ ಇದೆ. ಕ್ಲಿನಿಕ್ಕಿಗೆ ಬರುವುದೇ ಕಷ್ಟವಾದವರ ಮನೆಗೆ ನಾವೇ ಹೋಗುವುದು. ಒಂದು ಸಲ ನೋಡಿ ಬರುವುದಲ್ಲ, ವರ್ಷಗಟ್ಟಲೆ ನೋಡಿಕೊಳ್ಳುವುದು. ಡಾಕ್ಟರ್ ಅಥವಾ ಪಿಎ, ನರ್ಸು, ಸೋಶಿಯಲ್ ವರ್ಕರ್, ಆಹಾರ ಹೇಳುವವರು, ವ್ಯಾಯಾಮ ಮಾಡಿಸುವವರು, ಫಾರ್ಮಸಿಸ್ಟ್, ಮನಸ್ಸಿನ ವಿಷಯ ನೋಡುವ ಸೈಕಾಲಜಿಸ್ಟ್, ಎಲ್ಲ ಸೇರಿ ಒಂದು ತಂಡ. ವಾರಕ್ಕೊಮ್ಮೆ ಎಲ್ಲರೂ ಕೂತು ಒಬ್ಬೊಬ್ಬರ ಬಗ್ಗೆ ಮಾತಾಡುತ್ತೇವೆ. ಕಾಫಿ ಮಾತ್ರ ಕೆಟ್ಟದಾಗಿರುತ್ತದೆ.

ಒಂದು ಮನೆಯ ಕತೆ ಹೇಳುತ್ತೇನೆ. ಹೆಸರು ಹೇಳುವ ಹಾಗಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಅಜ್ಜ ಎನ್ನೋಣ. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಸಕ್ಕರೆ ಕಾಯಿಲೆ ಇದೆ, ಹೃದಯ ಸೋತಿದೆ, ಮೂಗಿಗೆ ಆಕ್ಸಿಜನ್ ನಳಿಗೆ. ಅಲ್ಲಿನ ಕಾಡಿನ ಮೇಲೆ ಅಮೆರಿಕದ ಸೈನ್ಯವೇ ಸುರಿದ ಏಜೆಂಟ್ ಆರೆಂಜ್ ವಿಷಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ ಎಂದು ಸರಕಾರ ಒಪ್ಪಿಕೊಳ್ಳುವ ಹೊತ್ತಿಗೆ ಅಜ್ಜನ ಕೂದಲು ನೆರೆತಿತ್ತು. ಹೀಗೆ ಸರಕಾರ ಒಪ್ಪಿಕೊಂಡ ಕಾಯಿಲೆಗಳ ಪಟ್ಟಿಗೆ ಬಿಪಿ ಸೇರಿದ್ದಂತೂ 2022ರಲ್ಲಿ, ಮಾಜಿ ಸೈನಿಕರಿಗಾಗಿ ಬಂದ ಪ್ಯಾಕ್ಟ್ ಕಾಯ್ದೆಯಿಂದ.

ಈ ಅಜ್ಜ ಆರು ತಿಂಗಳಲ್ಲಿ ಮೂರು ಸಲ ಉಸಿರಾಡಲಾಗದೆ ಆಸ್ಪತ್ರೆ ಸೇರಿದ್ದರು. ಹೃದಯ ಸೋತವರ ಮೈಯಲ್ಲಿ ನೀರು ತುಂಬುತ್ತದೆ. ಊದಿಕೊಂಡಿದ್ದು ಕಣ್ಣಿಗೆ ಕಾಣುವುದಕ್ಕೆ ಮೊದಲೇ ತೂಕ ಏರುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ ಎಂದು ಹೇಳುವುದು. ಅಜ್ಜ ಮಿಲಿಟರಿ ಮನುಷ್ಯ. ಒಂದು ದಿನವೂ ತಪ್ಪಿಸಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸಾಲಾಗಿ ಬರೆದಿದ್ದರು. 211 ಪೌಂಡು, 204, 213, 206. ಈ ಅಂಕಿ ನೋಡಿಕೊಂಡೇ ಕ್ಲಿನಿಕ್ಕಿನವರು ನೀರು ಇಳಿಸುವ ಮಾತ್ರೆ, ಅದೇ ಲ್ಯಾಸಿಕ್ಸ್, ಒಂದು ವಾರ ಏರಿಸುವುದು, ಇನ್ನೊಂದು ವಾರ ಇಳಿಸುವುದು ಮಾಡುತ್ತಿದ್ದರು.

"ಮೆಷಿನ್ ಎಲ್ಲಿದೆ?" ಅಂತ ಕೇಳಿದೆ. ಮಲಗುವ ಕೋಣೆಗೆ ಕರೆದುಕೊಂಡು ಹೋದರು. ಬೆರಳು ಮುಳುಗುವಷ್ಟು ದಪ್ಪನೆಯ ಕಾರ್ಪೆಟ್ಟು. ಅದರ ಮೇಲೆ ತೂಕದ ಮೆಷಿನ್, ಒಂದು ಕಾಲು ಮಂಚದ ಅಂಚಿಗೆ ತಾಗಿಕೊಂಡು ಸೊಟ್ಟಗೆ ನಿಂತಿದೆ. ಎತ್ತಿ ತಂದು ಅಡುಗೆ ಮನೆಯ ಗಟ್ಟಿ ನೆಲದ ಮೇಲಿಟ್ಟೆ. ಎರಡು ಸಲ ಹತ್ತಿಸಿದೆ. ಎರಡು ಸಲವೂ 208.

ಅಡುಗೆ ಮನೆಗೆ ಬಂದ ಮೇಲೆ ಕಣ್ಣು ಸುಮ್ನಿರುತ್ತದಾ? "ಕಪಾಟು ತೆಗೆದು ನೋಡಬಹುದಾ?" ಅಂದೆ. ಇಲ್ಲಿ ಕೇಳದೆ ತೆಗೆಯುವ ಹಾಗಿಲ್ಲ. ಅಜ್ಜ ಪ್ರತಿ ಸಲವೂ "ಉಪ್ಪು ಮುಟ್ಟೋದೇ ಇಲ್ಲ ಡಾಕ್" ಎನ್ನುತ್ತಿದ್ದರು. ಸುಳ್ಳಲ್ಲ. ಉಪ್ಪಿನ ಡಬ್ಬಿಯ ಮೇಲೆ ಧೂಳು ಕೂತಿತ್ತು. ಆದರೆ ಅದರ ಹಿಂದೆ ಸಾಲಾಗಿ ಸೂಪಿನ ಡಬ್ಬಿಗಳು. ಮಧ್ಯಾಹ್ನ ಒಂದು, ರಾತ್ರಿ ಒಂದು. ಅಂಥದ್ದೊಂದು ಡಬ್ಬಿ ಪೂರ್ತಿ ಖಾಲಿ ಮಾಡಿದರೆ ಹೃದಯದ ರೋಗಿಗೆ ಆ ದಿನದ ಉಪ್ಪಿನ ಲೆಕ್ಕ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು. ನಮ್ಮ ಕಡೆ "ಸಾರಿಗೆ ಉಪ್ಪೇ ಹಾಕಲ್ಲ" ಎನ್ನುತ್ತಲೇ ತಟ್ಟೆಯ ತುದಿಗೆ ಉಪ್ಪಿನಕಾಯಿ, ಹಪ್ಪಳ ಇಟ್ಟುಕೊಳ್ಳುವುದಿಲ್ಲವೇ? ಹಾಗೇ ಇದು.

ಮಾತ್ರೆಯದ್ದು ಇನ್ನೊಂದು ಕತೆ. ಮಂಗಳವಾರ, ಭಾನುವಾರ ಲ್ಯಾಸಿಕ್ಸ್ ತಗೊಳ್ಳುತ್ತಿರಲಿಲ್ಲ. ಯಾಕೆಂದರೆ ಮಂಗಳವಾರ ಹಳೆಯ ಗೆಳೆಯರ ಜೊತೆ ಕಾಫಿ, ಭಾನುವಾರ ಚರ್ಚು. ಮಾತ್ರೆ ನುಂಗಿದರೆ ಅರ್ಧ ಗಂಟೆಗೊಮ್ಮೆ ಎದ್ದು ಓಡಬೇಕು. ಚರ್ಚಿನ ಮಧ್ಯೆ ಎದ್ದು ಹೋಗುವುದಕ್ಕಿಂತ ಉಸಿರು ಕಟ್ಟುವುದೇ ವಾಸಿ ಎಂದುಕೊಂಡಿದ್ದರು. ಕ್ಲಿನಿಕ್ಕಿನಲ್ಲಿ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಆ ಎರಡು ದಿನ ಮನೆಗೆ ಬಂದ ಮೇಲೆ ತಗೊಳ್ಳಿ ಅಂದೆ. "ಹಾಗೂ ಮಾಡಬಹುದಾ?" ಅಂತ ನನ್ನನ್ನೇ ನೋಡಿದರು.

ಇದರಲ್ಲಿ ಡಾಕ್ಟರಿಕೆ ಎಲ್ಲಿದೆ ಅಂತ ನೀವು ಕೇಳಬಹುದು. ನನ್ನ ಪ್ರಕಾರ ಡಾಕ್ಟರಿಕೆ ಎಂದರೆ ಇದೇ. ಆಮೇಲೆ ಔಷಧಿ ಬದಲಾಯಿಸಿದ್ದೂ ಉಂಟು, ರಕ್ತ ಪರೀಕ್ಷೆ ಮಾಡಿಸಿದ್ದೂ ಉಂಟು. ಆದರೆ ಮೆಷಿನ್ ಕಾರ್ಪೆಟ್ ಮೇಲೇ ಇದ್ದಿದ್ದರೆ ಅದೆಲ್ಲ ಗಾಳಿಯಲ್ಲಿ ಗುಂಡು ಹೊಡೆದ ಹಾಗೆ.

ಈಗ ಊರಿನ ಮಾತು. ನಮ್ಮದು ಸೋಮವಾರಪೇಟೆ ಹತ್ತಿರದ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ಡಾಕ್ಟರು ಮನೆಗೇ ಬರುತ್ತಿದ್ದರು. ಸ್ಕೂಟರಿನ ಮುಂದೆ ಕಪ್ಪು ಬ್ಯಾಗು. ಅವರು ಬರುತ್ತಾರೆಂದರೆ ಒಲೆಯ ಮೇಲೆ ನೀರು ಕಾಯಬೇಕು, ಹೊಸ ಸೋಪು ಒಡೆಯಬೇಕು, ಪೆಟ್ಟಿಗೆಯಿಂದ ಒಗೆದ ಟವೆಲ್ ತೆಗೆಯಬೇಕು. ಕೈ ತೊಳೆದುಕೊಂಡು, ಕಾಫಿ ಕುಡಿದು, ಅಜ್ಜಿಯ ನಾಡಿ ಹಿಡಿಯುತ್ತಲೇ ಒಲೆಯ ಕಡೆ ನೋಡಿ "ಈ ಹೊಗೆ ಹೊರಗೆ ಹೋಗೋ ಹಾಗೆ ಮಾಡ್ರೀ ಮೊದ್ಲು" ಎಂದು ಅಪ್ಪನಿಗೆ ಬೈಯುತ್ತಿದ್ದರು. ನಾನೀಗ ಟ್ರೈನಿಂಗ್ ತಗೊಂಡು ಮಾಡುವ ಕೆಲಸವನ್ನು ಅವರು ಸುಮ್ನೆ ಮಾಡಿ, ಒಂದು ಚೀಲ ಕಿತ್ತಳೆ ಸ್ಕೂಟರಿಗೆ ಕಟ್ಟಿಕೊಂಡು ಹೋಗುತ್ತಿದ್ದರು.

ಅದನ್ನು ನಾವು ಕೈಯಾರೆ ಬಿಟ್ಟುಬಿಟ್ಟೆವು. ಈಗ ಮನೆಗೆ ಬರುವ ಡಾಕ್ಟರ್ ಎಂದರೆ ಬೆಂಗಳೂರಿನಲ್ಲಿ ಆ್ಯಪ್‌ನಲ್ಲಿ ದುಡ್ಡು ಕಟ್ಟುವವರಿಗೆ. ಇಲ್ಲವೇ ಪುಣ್ಯದ ಕೆಲಸ ಮಾಡುವ ಯಾವುದೋ ಸಂಸ್ಥೆಯವರದು. ಒಂದೋ ಐಷಾರಾಮ, ಇಲ್ಲಾ ದಾನ. ನಡುವೆ ಏನೂ ಇಲ್ಲ. ಇತ್ತ ನೋಡಿದರೆ, ಪಕ್ಕದ ಮನೆಗೆ ಹೋಗಬೇಕಾದರೂ ಮೊದಲು ಫೋನ್ ಮಾಡಿ ಕೇಳುವ ಈ ದೇಶದಲ್ಲಿ ಸರಕಾರವೇ ಕಾರು ಕೊಟ್ಟು, ಹಳ್ಳಿಯ ಜಲ್ಲಿ ರಸ್ತೆಗೆ ನನ್ನನ್ನು ಕಳಿಸುತ್ತದೆ. ಔದಾರ್ಯ ಅಂದುಕೊಳ್ಳಬೇಡಿ. ಲೆಕ್ಕಾಚಾರ. ಹೀಗೆ ಮನೆಯಲ್ಲೇ ನೋಡಿಕೊಂಡರೆ ಆಸ್ಪತ್ರೆ ಸೇರುವ ದಿನ ಕಡಿಮೆ ಆಗುತ್ತದೆ ಎಂದು ವಿಎ ಕಂಡುಕೊಂಡಿತು. ಅದನ್ನು ನೋಡಿಯೇ 2012ರಿಂದ, ವಯಸ್ಸಾದವರಿಗೆ ಸರಕಾರದ ಆರೋಗ್ಯ ವಿಮೆ ನಡೆಸುವ ಮೆಡಿಕೇರ್‌ನವರೂ ಇಂಥದ್ದನ್ನು ಪ್ರಯೋಗ ಮಾಡಿ ನೋಡಿದರು.

ನಮ್ಮ ದೊಡ್ಡಪ್ಪನೂ ಮಾಜಿ ಸೈನಿಕರೇ. ಹವಾಲ್ದಾರ್ ಆಗಿ ಪೆನ್ಷನ್ ಬಂದವರು. 1971ರ ಯುದ್ಧದ ಸುದ್ದಿ ಎತ್ತಿದರೆ ಇವತ್ತಿಗೂ ಎದ್ದು ಕೂರುತ್ತಾರೆ. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದುಹೋಗಿದೆ. ಅವರಿಗೆ ಇಸಿಎಚ್‌ಎಸ್ ಕಾರ್ಡಿದೆ. ಮಾಜಿ ಸೈನಿಕರಿಗೆಂದು 2003ರಲ್ಲಿ ಬಂದ ಯೋಜನೆ ಅದು. ನಿಜಕ್ಕೂ ಒಳ್ಳೆಯದು. ಒಂದೇ ಸಲ ಹಣ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಜೀವನಪೂರ್ತಿ ಚಿಕಿತ್ಸೆ. ಆದರೆ ಆ ಯೋಜನೆಯ ಪಾಲಿಕ್ಲಿನಿಕ್ಕಿಗೆ ನಾವೇ ಹೋಗಬೇಕು. ಮಳೆಗಾಲದಲ್ಲಿ ಜೀಪು ಬಾಡಿಗೆಗೆ ಹಿಡಿದು, ಇಬ್ಬರು ಗಂಡಸರು ಎತ್ತಿ ಕೂರಿಸಿ, ತಿರುವುಗಳಲ್ಲಿ ದೊಡ್ಡಪ್ಪ ವಾಂತಿ ಮಾಡಿಕೊಂಡು, ಅಲ್ಲಿಗೆ ತಲುಪುವಷ್ಟರಲ್ಲಿ ಬಿಪಿ ಎಷ್ಟಿರಬೇಕು ಹೇಳಿ? ಆ ಬಿಪಿ ನೋಡಿ ಮಾತ್ರೆ ಜಾಸ್ತಿ ಮಾಡಿದರು. ಮನೆಗೆ ಬಂದ ಮೇಲೆ ತಲೆಸುತ್ತಿ ಬಚ್ಚಲಲ್ಲಿ ಬಿದ್ದರು. ಡಾಕ್ಟರನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ನಮ್ಮ ಅಜ್ಜನ ಕಾರ್ಪೆಟ್ಟಿನ ಹಾಗೆ, ಇಲ್ಲಿ ಜೀಪು.

ಹಾಗಂತ ಅಮೆರಿಕದ್ದೆಲ್ಲ ಚಿನ್ನ ಎಂದಲ್ಲ. ನನಗೆ ಇವತ್ತಿಗೂ ಒಗ್ಗದ ಒಂದು ವಿಷಯವಿದೆ. ಆ ಅಜ್ಜನ ಹೆಂಡತಿ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ಕಾಲು ಊದಿರುವುದು ನನಗೆ ಕಾಣುತ್ತದೆ. ಆದರೆ ಅವರು ನನ್ನ ರೋಗಿ ಅಲ್ಲ. ಸೈನ್ಯಕ್ಕೆ ಹೋಗಿದ್ದು ಗಂಡ. ಅಜ್ಜನ ತೋಳಿನಿಂದ ಬಿಚ್ಚಿದ ಬಿಪಿ ಪಟ್ಟಿಯನ್ನು ಅಜ್ಜಿಗೆ ಕಟ್ಟುವ ಹಾಗಿಲ್ಲ. "ನಿಮ್ಮ ಡಾಕ್ಟರಿಗೆ ತೋರಿಸಿಕೊಳ್ಳಿ" ಎಂದು ಹೇಳಿ ಏಳಬೇಕು. ನಮ್ಮ ಹಳೇ ಸ್ಕೂಟರ್ ಡಾಕ್ಟರು ಇದನ್ನು ಕೇಳಿದ್ದರೆ ನಕ್ಕು ಬಿಡುತ್ತಿದ್ದರು. ಅಜ್ಜಿಯನ್ನು ನೋಡಲು ಬಂದವರು ಮನೆಯಲ್ಲಿದ್ದ ಮಕ್ಕಳ ನಾಲಿಗೆಯನ್ನೆಲ್ಲ ನೋಡಿ ಹೋಗುತ್ತಿದ್ದರು.

ಆದರೆ ಅದೇ ಅಜ್ಜಿಯನ್ನು ಕೂರಿಸಿಕೊಂಡು ನಮ್ಮ ಸೋಶಿಯಲ್ ವರ್ಕರ್ ಪ್ರಶ್ನೆ ಕೇಳುತ್ತಾರೆ. ರಾತ್ರಿ ಎಷ್ಟು ಸಲ ಏಳುತ್ತೀರಿ? ಇವರನ್ನು ಎತ್ತುವಾಗ ಬೆನ್ನು ನೋಯುತ್ತದಾ? ಕೊನೇ ಸಲ ನೀವೊಬ್ಬರೇ ಹೊರಗೆ ಹೋಗಿದ್ದು ಯಾವಾಗ? ಸಿಟ್ಟು ಬರುತ್ತದಾ? ಉತ್ತರ ನೋಡಿಕೊಂಡು ವಾರಕ್ಕೆ ಇಷ್ಟು ಗಂಟೆ ಅಂತ ಸಹಾಯಕ್ಕೆ ಒಬ್ಬರನ್ನು ಕಳಿಸುತ್ತಾರೆ. ವರ್ಷಕ್ಕೆ 30 ದಿನದವರೆಗೆ ಅಜ್ಜನನ್ನು ಬೇರೆಯವರು ನೋಡಿಕೊಂಡು ಹೆಂಡತಿಗೆ ಬಿಡುವು ಕೊಡುವ ಏರ್ಪಾಡೂ ಇದೆ.

ನಮ್ಮಲ್ಲಿ ಉಲ್ಟಾ. ದೊಡ್ಡಮ್ಮನಿಗೂ ಆ ಯೋಜನೆಯಲ್ಲಿ ಚಿಕಿತ್ಸೆ ಇದೆ. ಕೇಳುವವರು ಮಾತ್ರ ಇಲ್ಲ. "ನಮ್ಮಲ್ಲಿ ಮನೆ ತುಂಬ ಜನ, ಮುದುಕರನ್ನು ಹೋಮಿಗೆ ಸೇರಿಸಲ್ಲ" ಎಂದು ನಾವು ಹೊರನಾಡಿನವರು ಪಾರ್ಟಿಗಳಲ್ಲಿ ಎದೆ ಉಬ್ಬಿಸುತ್ತೇವೆ. ಮನೆ ತುಂಬ ಜನ ಎಂದರೆ ಯಾರು? ಬೆಳಿಗ್ಗೆ ಐದಕ್ಕೆ ಎದ್ದು ಬೆಡ್‌ಪ್ಯಾನ್ ತೊಳೆಯುವುದು ಒಬ್ಬ ದೊಡ್ಡಮ್ಮ ಅಥವಾ ಒಬ್ಬ ಸೊಸೆ. ಉಳಿದವರು ಬಂದು ಹಣ್ಣು ಕೊಟ್ಟು ಹೋಗುವವರು. ಅದರಲ್ಲಿ ನಾನೂ ಒಬ್ಬ.

ಕರ್ನಾಟಕದಲ್ಲಿ ಏನೂ ಆಗುತ್ತಿಲ್ಲ ಎನ್ನಲಾರೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುತ್ತಾರೆ. ಕೇರಳದವರಂತೂ ಹಾಸಿಗೆ ಹಿಡಿದವರ ಮನೆಗೆ ಹೋಗುವುದನ್ನು ಊರಿನ ಜನರ ಕೆಲಸವನ್ನಾಗಿ ಮಾಡಿ ಎಷ್ಟೋ ವರ್ಷವಾಯಿತು. ಆದರೆ ಕಾಯಿಲೆ ಹುಡುಕಿಕೊಂಡು ಒಂದು ಸಲ ಹೋಗುವುದು ಬೇರೆ, ಕಾಯಿಲೆ ಇದ್ದವರ ಮನೆಗೆ ತಿಂಗಳು ತಿಂಗಳು ಹೋಗುವುದು ಬೇರೆ.

ಹೋಗಲು ಜನ ಎಲ್ಲಿದ್ದಾರೆ ಅಂತೀರಾ? ನಮ್ಮ ಸೈನ್ಯದ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ದುಡಿದವರು ನಲವತ್ತರ ಆಸುಪಾಸಿನಲ್ಲೇ ಪೆನ್ಷನ್ ಬರುತ್ತಾರೆ. ಹಿಮದಲ್ಲಿ, ಗಡಿಯಲ್ಲಿ ಗಾಯ ಕಟ್ಟಿದವರು. ಕೆಲವರಿಗೆ ಪಾಲಿಕ್ಲಿನಿಕ್ಕಿನ ಒಳಗೆ ಕೆಲಸ ಸಿಗುತ್ತದೆ. ಅಂಥ ಒಬ್ಬರನ್ನು ಮೈಸೂರಿನ ಒಂದು ಎಟಿಎಂ ಮುಂದೆ ಗಾರ್ಡ್ ಸಮವಸ್ತ್ರದಲ್ಲಿ ನಾನೇ ಮಾತಾಡಿಸಿದ್ದೇನೆ. 1965ರಲ್ಲಿ ಡರ್ಹಮ್‌ನಲ್ಲಿ ಸ್ಟೆಡ್ ಕಣ್ಣಿಗೆ ಬಿದ್ದವರೂ ಇಂಥವರೇ ಅಲ್ವಾ? ಪಿಎ ಓದು ನಮಗೂ ಹೊಸದಲ್ಲ. ಚೆನ್ನೈಯಲ್ಲಿ 1992ರಲ್ಲೇ ಶುರುವಾಯಿತು. ಈ ಥರದ ಕಸುಬುಗಳಿಗೆ 2021ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಓದಿದವರು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳ ಹೃದಯ ವಿಭಾಗದಲ್ಲೇ ಉಳಿದುಕೊಂಡರು. ಒಂದು ಬೈಕು, ಒಂದು ಬ್ಯಾಗು, ಫೋನಿನ ಆ ತುದಿಯಲ್ಲಿ ಒಬ್ಬ ಡಾಕ್ಟರು. ಕೊಡಗಿನಂಥ ಜಿಲ್ಲೆಯಲ್ಲಿ, ಊರಿಗೆ ನಾಲ್ಕು ಜನ ಮಾಜಿ ಸೈನಿಕರಿರುವ ಕಡೆ, ಇದನ್ನು ಶುರು ಮಾಡಲು ಇನ್ನೇನು ಬೇಕು?

ಅಂದ ಹಾಗೆ, ಅಮೆರಿಕದ ಈ ಮನೆಗಳಲ್ಲಿ ಬಂದೂಕು ಇದೆಯಾ ಅಂತಲೂ ನಾವು ಕೇಳಬೇಕು. ವಯಸ್ಸಾದ, ಒಂಟಿಯಾದ ಸೈನಿಕರಲ್ಲಿ ಆತ್ಮಹತ್ಯೆಯ ಭಯ ಜಾಸ್ತಿ. ಬೈಯುವುದಿಲ್ಲ, ಕಿತ್ತುಕೊಳ್ಳುವುದಿಲ್ಲ. ಬಂದೂಕಿಗೆ ಹಾಕುವ ಬೀಗವೊಂದನ್ನು ಪುಕ್ಕಟೆ ಕೊಟ್ಟು ಬರುತ್ತೇವೆ. ಜೊತೆಯಲ್ಲಿ ಬರುವ ಹೊಸ ಹುಡುಗರು ಈ ಪ್ರಶ್ನೆಗೆ ತಡವರಿಸುತ್ತಾರೆ. ಗೋಡೆಯ ಮೇಲೆ ಕೋವಿ ನೋಡುತ್ತಲೇ ಬೆಳೆದ ಕೊಡಗಿನವನಿಗೆ ಅದೇನೂ ಕಷ್ಟವಿಲ್ಲ.

ಹೋದ ಭಾನುವಾರ ದೊಡ್ಡಮ್ಮನಿಗೆ ಫೋನ್ ಮಾಡಿದ್ದೆ. ದೊಡ್ಡಪ್ಪನ ಬಿಪಿ, ಊಟ, ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಎಲ್ಲ ಕೇಳಿಯಾಯಿತು. ಆಮೇಲೆ ನಮ್ಮ ಸೋಶಿಯಲ್ ವರ್ಕರ್ ಕೇಳುವ ಪ್ರಶ್ನೆಗಳು ನೆನಪಾದವು. "ದೊಡ್ಡಮ್ಮ, ರಾತ್ರಿ ನೀವು ಎಷ್ಟು ಸಲ ಏಳ್ತೀರಿ?" ಅಂದೆ.

"ಅದೇನ್ ಕೇಳ್ತೀಯಾ, ಸುಮ್ನಿರು."

ನಾನು ಸುಮ್ಮನಿದ್ದೆ. ಆ ಕಡೆ ಮಳೆಯ ಸದ್ದು.

"ನಾಕು. ಒಂದೊಂದಿನ ಐದು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಯಾಕೆ, ಬರ್ಕೋತಿದ್ದೀಯಾ?"

"ಬರ್ಕೊಂಡೆ."

"ಹಂಗಾದ್ರೆ ಮಂಡಿ ನೋವು ಅಂತಾನೂ ಬರ್ಕೋ."