ದೊಡ್ಡತ್ತೆ ಮತ್ತು ಮಹಾಪ್ರಬಂಧ

ಮೊನ್ನೆ ತೀರ್ಥಹಳ್ಳಿ ಕಡೆ ಒಂದು ಪೂಜೆ ಊಟ, ಪಂಕ್ತೀಲಿ ಪಕ್ಕದಲ್ಲಿ ದೊಡ್ಡತ್ತೆ. ಅಕ್ಕನ ಮಗ ಪಿಎಚ್‌ಡಿ ಮಹಾಪ್ರಬಂಧ ಸಬ್ಮಿಟ್ ಮಾಡ್ದ ಅತ್ತೆ, ಐದು ವರ್ಷ ಹಿಡೀತು ಅಂತ ಹೆಮ್ಮೇಲಿ ಹೇಳಿದ್ದೇ ತಪ್ಪಾಯ್ತು.

"ಪ್ರಬಂಧಾನಾ? ಹಸುವಿನ ಮೇಲೆ ನಾನು ಐದನೇ ಕ್ಲಾಸಲ್ಲೇ ಬರ್ದಿದ್ದೆ. ಅರ್ಧ ಗಂಟೆ ಸಾಕಾಯ್ತಪ್ಪ."

ಸಾರು ಬಡಿಸ್ತಿದ್ದವನೂ ನಕ್ಕ. ನಂಗೆ ಉರೀತು, ಆದ್ರೆ ಅತ್ತೇದೇನು ತಪ್ಪು ಹೇಳಿ, ಶಾಲೇಲಿ ಬರೆಯೋದೂ ಪ್ರಬಂಧ, ಹರಟೆ ಹೊಡೆದ್ರೆ ಲಲಿತ ಪ್ರಬಂಧ, ಎಂಫಿಲ್‌ದು ಸಂಪ್ರಬಂಧ, ಪಿಎಚ್‌ಡಿದಕ್ಕೆ ಮುಂದೊಂದು ಮಹಾ ಅಂಟಿಸಿದ್ರೆ ಆಯ್ತು. ಬ್ಯಾಂಕಿಗೆ ಬೆಳೆಸಾಲ ಕೇಳೋಕೆ ಹೋದ್ರೆ ಅಲ್ಲಿ ಬೇರೆ ಶಾಖಾ ಪ್ರಬಂಧಕರು! ಹಳಬರ ಹತ್ರ ಸೂತ್ರ, ವೃತ್ತಿ, ವಾರ್ತಿಕ, ಭಾಷ್ಯ, ಟೀಕೆ, ಟಿಪ್ಪಣಿ ಅಂತ ಒಂದೊಂದಕ್ಕೂ ಒಂದೊಂದು ಹೆಸರಿತ್ತು. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣಕ್ಕೆ ಸೂತ್ರಾನೂ ತಾನೇ ಬರೆದು, ಅದನ್ನ ಬಿಡಿಸಿ ಹೇಳೋ ವೃತ್ತೀನೂ ತಾನೇ ಬರ್ದ. ಈಗ ವೃತ್ತಿ ಅಂದ್ರೆ ನೌಕರಿ, ಟೀಕೆ ಅಂದ್ರೆ ಬೈಯೋದು. ಇಂಗ್ಲಿಷಿನೋರೇನು ಕಮ್ಮಿ ಇಲ್ಲ, ಬ್ರಿಟನ್ನಲ್ಲಿ ಪಿಎಚ್‌ಡಿಗೆ ಥೀಸಿಸ್, ಎಂಎಗೆ ಡಿಸರ್ಟೇಶನ್, ಅಮೆರಿಕದಲ್ಲಿ ಸಾಮಾನ್ಯವಾಗಿ ಉಲ್ಟಾ. ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳೋಣ ಅಂತ ಬಾಯಿ ತೆಗೆದೆ.

"ವಿಷ್ಯ ಎಂತದು?" ಅಂದ್ರು. ಅಡಿಕೆ ಕೊಳೆರೋಗ ಅಂದೆ.

ಮುಗೀತು. ಅದಕ್ಕೆಂತ ಐದು ವರ್ಷ ಮಾರಾಯ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಮಳೆ ಹಿಡಿಯೋ ಮುಂಚೆ ಒಂದ್ಸಲ, ನಲವತ್ತು ದಿನ ಬಿಟ್ಟು ಇನ್ನೊಂದ್ಸಲ ಹೊಡೀಬೇಕು ಅಂತ ಶುರು ಮಾಡಿದೋರು ಮಾವನ ಕಥೆಗೆ ಬಂದ್ರು. ಈ ತುತ್ತ-ಸುಣ್ಣದ ನೀರಿಗೆ ಬೋರ್ಡೋ ಅಂತಾರೆ, ಅದನ್ನ ಕಲಸಿದ ಮೇಲೆ ಕತ್ತಿ ಅದ್ದಿ ನೋಡ್ಬೇಕಂತೆ, ಅಲಗು ಕೆಂಪಾದ್ರೆ ಸುಣ್ಣ ಸಾಲ್ದು ಅಂತ ಅರ್ಥ. ಒಂದು ವರ್ಷ ಮಾವ ನಂಗೇ ಹೇಳ್ಕೊಡ್ತೀಯಾ ಅಂತ ಸಿಟ್ಟು ಮಾಡಿ ಕತ್ತಿ ಅದ್ದದೇ ಹೊಡೆಸಿದ್ರಂತೆ, ಕೆಳಗಿನ ತೋಟದ ಅಡಿಕೆಗೊನೆಯೆಲ್ಲ ಸುಟ್ಟು ಹೋಯ್ತು, ಮಾವ ಮೂರು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ, ನಾಲ್ಕನೇ ದಿನ ಕತ್ತೀನೇ ಸರಿ ಇಲ್ಲ ಅಂತ ಹೊಸದು ತಂದ್ರು. ಅದ್ದದೇ ಇದ್ದ ಕತ್ತಿ! ಅಷ್ಟೊತ್ತಿಗೆ ಪಾಯಸ ಎರಡನೇ ಸಲ ಬಂದು ಹೋಗಿತ್ತು, ನನ್ನ ಎಲೆಗೆ ಒಂದ್ಸಲಾನೂ ಬೀಳ್ಲಿಲ್ಲ.

ಹುಡುಗನ ಥೀಸಿಸ್ ಪೂರ್ತಿ ಇಂಗ್ಲಿಷಲ್ಲಿದೆ, ಮಧ್ಯದಲ್ಲಿ ಕೊಳೆರೋಗ ಮಾತ್ರ ಕೊಳೆರೋಗ ಅಂತಲೇ ಇದೆ. ಕಾಫಿಗೆ ಬರೋ ಕೊಳೆಯ ಶಿಲೀಂಧ್ರಕ್ಕೆ ಲ್ಯಾಟಿನ್ ಹೆಸರಲ್ಲೂ ಈ ಪದಾನೇ ಸೇರಿಸಿದಾರೆ. ರೋಗದ ಹೆಸರು ಬೇಕಾಯ್ತು ಈ ಇಂಗ್ಲಿಷಿನೋರಿಗೆ, ಟೀಕೆ-ಟಿಪ್ಪಣಿ ಬೇಡ.

ನಂದೂ ಒಂದು ಎಂಫಿಲ್ ಸಂಪ್ರಬಂಧ ಇತ್ತು, ಹೇಳಿಬಿಡ್ತೀನಿ. ಮಾರ್ಗದರ್ಶಕರು ಮೂರು ವರ್ಷ "ಇನ್ನೂ ಆಳ ಬೇಕು" ಅಂದ್ರು. ಎಷ್ಟು ಆಳ, ಬಾವಿ ತೋಡ್ತಿದೀನಾ? ಬಿಟ್ಟು ಬಂದೆ. 2022ರಲ್ಲಿ ಯುಜಿಸಿ ಎಂಫಿಲ್ಲನ್ನೇ ನಿಲ್ಲಿಸ್ತು. ಯಾರಿಗೂ ಹೇಳ್ಬೇಡಿ, ಖುಷಿಯಾಯ್ತು.

ಕೈ ತೊಳೀವಾಗ ಅತ್ತೆ, "ಕತ್ತಿ ಅದ್ದೋದು ಬರ್ದಿದಾನಾ ಕೇಳು" ಅಂದ್ರು. ರಾತ್ರಿ ಫೋನ್ ಮಾಡ್ದೆ.

"ಇದೆ ಮಾವ, ಅನುಬಂಧ ಮೂರರಲ್ಲಿ."

ಅತ್ತೆಗೆ ಇನ್ನೂ ಹೇಳಿಲ್ಲ. ಅನುಬಂಧ ಅಂದ್ರೆ ಎಂತದು ಅಂತ ಕೇಳ್ತಾರೆ.